ಪುಸ್ತಕ ಹೆಚ್ಚಿತು, ಗೋಡೆ ಬೆಳೆಯಲಿಲ್ಲ

ಪುಸ್ತಕಪ್ರಿಯರ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಕಪಾಟು ತುಂಬಿದ ಮೇಲೆ ಪುಸ್ತಕಗಳು ಕಪಾಟಿನ ತಲೆಯ ಮೇಲೇರುತ್ತವೆ. ಅಲ್ಲಿಂದ ಕಿಟಕಿಯ ಕಟ್ಟೆಗೆ, ಹೊಲಿಗೆ ಯಂತ್ರದ ಮೇಲಕ್ಕೆ, ಮಂಚದ ಕೆಳಕ್ಕೆ ಹರಡುತ್ತವೆ. ಕೊನೆಗೆ ಮಗಳು ಓದಲು ಕೂರುವ ಮೇಜಿನ ಅರ್ಧ ಭಾಗವನ್ನೂ ಆಕ್ರಮಿಸುತ್ತವೆ. "ಇನ್ನೊಂದು ಪುಸ್ತಕ ತಂದರೆ ಅದನ್ನು ನೀವೇ ತಲೆಯ ಮೇಲೆ ಹೊತ್ತು ನಿಂತುಕೊಳ್ಳಿ" ಎಂದು ಮನೆಯಾಕೆ ಹೇಳುತ್ತಾರೆ. ಯಜಮಾನರು ತಲೆಯಾಡಿಸುತ್ತಾರೆ. ಮುಂದಿನ ಸಾಹಿತ್ಯ ಸಮ್ಮೇಳನದ ಮಳಿಗೆಯಿಂದ ಮತ್ತೆ ಎರಡು ಚೀಲ ಪುಸ್ತಕದೊಂದಿಗೆ ಮರಳುತ್ತಾರೆ. ಶೇ. 50 ರಿಯಾಯಿತಿ ಇದ್ದಾಗ ಬಿಡುವುದುಂಟೆ?

ಇದು ನಗುವ ವಿಷಯವೆಂದು ತೋರಿದರೂ ಇದರೊಳಗೆ ಗಣಿತವಿದೆ, ಭೌತವಿಜ್ಞಾನವಿದೆ, ರಸಾಯನ ವಿಜ್ಞಾನವಿದೆ. ಮನೆಯ ಮಕ್ಕಳ ಸುರಕ್ಷತೆಯೂ ಇದಕ್ಕೆ ಸೇರಿಕೊಂಡಿದೆ.

ಮೊದಲು ಒಂದು ಸಣ್ಣ ಲೆಕ್ಕ. ಒಬ್ಬರು ತಿಂಗಳಿಗೆ ಮೂರೇ ಪುಸ್ತಕ ಕೊಳ್ಳುತ್ತಾರೆಂದು ಇಟ್ಟುಕೊಳ್ಳಿ. ವರ್ಷಕ್ಕೆ 36. ಒಂದು ಪುಸ್ತಕದ ದಪ್ಪ ಸರಾಸರಿ 2 ಸೆಂ.ಮೀ. ಎಂದರೆ ವರ್ಷಕ್ಕೆ 72 ಸೆಂ.ಮೀ. ಇಪ್ಪತ್ತು ವರ್ಷಗಳಲ್ಲಿ 14.4 ಮೀಟರ್. 90 ಸೆಂ.ಮೀ. ಉದ್ದದ ಹಲಗೆಗಳು 16 ಬೇಕು. ಅಂದರೆ ಎರಡು ದೊಡ್ಡ ಕಪಾಟು ಭರ್ತಿ. ಕೊಳ್ಳುವವರಿಗೆ ತಿಂಗಳಿಗೆ ಮೂರು ಪುಸ್ತಕ ಹೆಚ್ಚೆನಿಸುವುದಿಲ್ಲ. ಆದರೆ ಮನೆಯ ಗೋಡೆಯ ಉದ್ದ ಇಪ್ಪತ್ತು ವರ್ಷಗಳಲ್ಲಿ ಒಂದು ಸೆಂ.ಮೀ. ಸಹ ಬೆಳೆಯುವುದಿಲ್ಲ. ಒಂದು ರಾಶಿ ಸದಾ ಬೆಳೆಯುತ್ತಿದ್ದು ಇನ್ನೊಂದು ನಿಂತಲ್ಲೇ ನಿಂತಿದ್ದರೆ ಮೊದಲನೆಯದು ಎರಡನೆಯದನ್ನು ಮೀರುವ ದಿನ ಬಂದೇ ಬರುತ್ತದೆ. ಆ ದಿನವನ್ನು ಮೊದಲೇ ಲೆಕ್ಕ ಹಾಕಬಹುದು. ಆದರೂ ಹಾಕುವವರು ಕಡಿಮೆ.

ಪ್ರಧಾನಿಯ ಕೈಗಾಡಿ

ಈ ತೊಂದರೆ ಹೊಸದಲ್ಲ. ಇಂಗ್ಲೆಂಡಿನ ಸರ್ ಥಾಮಸ್ ಫಿಲಿಪ್ಸ್ (1792-1872) ಜಗತ್ತಿನ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ತನ್ನಲ್ಲಿರಬೇಕೆಂದು ಹಂಬಲಿಸಿದ ವ್ಯಕ್ತಿ. ಮನೆ ಸಾಲದಾದಾಗ 1863ರಲ್ಲಿ ಆತ ಚೆಲ್ಟನ್‌ಹ್ಯಾಮ್ ಪಟ್ಟಣದ ದೊಡ್ಡ ಬಂಗಲೆಯೊಂದಕ್ಕೆ ಬಿಡಾರ ಬದಲಿಸಲು ತೊಡಗಿದ. ಪುಸ್ತಕ ಮತ್ತು ಹಸ್ತಪ್ರತಿಗಳನ್ನು ಸಾಗಿಸಲು ನೂರಕ್ಕೂ ಹೆಚ್ಚು ಬಂಡಿಗಳು ಬೇಕಾದವು. ಅಲ್ಲಿಯೂ ಸುಖವಿರಲಿಲ್ಲ. ಮನೆಯ ಒಂದು ಭಾಗದಿಂದ ಪುಸ್ತಕಗಳು, ಇನ್ನೊಂದು ಭಾಗದಿಂದ ಇಲಿಗಳು ತನ್ನನ್ನು ಹೊರಗಟ್ಟುತ್ತಿವೆ ಎಂದು ಆತನ ಹೆಂಡತಿ ಗೋಳಾಡಿದಳು. ಆತ ಸತ್ತ ಮೇಲೆ ಆ ಸಂಗ್ರಹವನ್ನು ಮಾರಿ ಮುಗಿಸಲು ನೂರು ವರ್ಷವೂ ಸಾಲಲಿಲ್ಲ.

ಇದೇ ಸಮಸ್ಯೆಯನ್ನು ಇನ್ನೊಬ್ಬರು ಬೇರೆ ರೀತಿಯಲ್ಲಿ ಎದುರಿಸಿದರು. ಅವರು ವಿಲಿಯಂ ಗ್ಲ್ಯಾಡ್‌ಸ್ಟನ್. ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ದೇಶದ ಆಯವ್ಯಯ ನೋಡಿದ ಕಣ್ಣಿನಿಂದಲೇ ಅವರು ತಮ್ಮ ಪುಸ್ತಕಗಳ ಕೋಣೆಯನ್ನೂ ನೋಡಿದರು. ಪುಸ್ತಕಗಳಿಗೆ ಮನೆ ಮಾಡಿಕೊಡುವುದು ಹೇಗೆ ಎಂಬ ಬಗ್ಗೆ 1890ರಲ್ಲಿ ಒಂದು ಲೇಖನವನ್ನೇ ಬರೆದರು. ಕಡಿಮೆ ಜಾಗ ಹಿಡಿಯಬೇಕು, ವಿಷಯಾನುಸಾರ ಜೋಡಣೆ ಇರಬೇಕು, ಬೇಕಾದದ್ದು ಹುಡುಕಾಟವಿಲ್ಲದೆ ಕೈಗೆ ಸಿಗಬೇಕು. ಇವು ಅವರ ಮೂರು ಷರತ್ತುಗಳು.

ಅವರ ಉಪಾಯ ಸರಳ. ಕಪಾಟುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದರ ಬದಲು ಗೋಡೆಯಿಂದ ಕೋಣೆಯೊಳಕ್ಕೆ ಲಂಬವಾಗಿ ಚಾಚುವಂತೆ ನಿಲ್ಲಿಸಿದರು. ಸುಮಾರು 3 ಅಡಿ ಉದ್ದ, 1 ಅಡಿ ಅಗಲದ ಕಪಾಟು. ಎರಡೂ ಮಗ್ಗುಲಿನಿಂದ ಪುಸ್ತಕ ಇಡಬಹುದು. ಹೀಗೆ ಮಾಡಿದರೆ 40 ಅಡಿ ಉದ್ದ, 20 ಅಡಿ ಅಗಲದ ಕೋಣೆಯಲ್ಲಿ 18ರಿಂದ 20 ಸಾವಿರ ಪುಸ್ತಕ ಹಿಡಿಯುತ್ತವೆ, ಕುಳಿತು ಓದಲು ಜಾಗವೂ ಉಳಿಯುತ್ತದೆ ಎಂದು ಅವರು ಲೆಕ್ಕ ಕೊಟ್ಟರು.

ಆದರೆ ಗ್ಲ್ಯಾಡ್‌ಸ್ಟನ್ ಅವರ ನಿಜವಾದ ಉತ್ತರ ಇದಲ್ಲ. ತಮ್ಮಲ್ಲಿ ಓದುಗರಿಲ್ಲದ ಪುಸ್ತಕಗಳಿವೆ, ಹೊರಗೆ ಪುಸ್ತಕವಿಲ್ಲದ ಓದುಗರಿದ್ದಾರೆ, ಈ ಇಬ್ಬರನ್ನೂ ಸೇರಿಸಬೇಕು ಎಂಬುದು ಅವರ ಹಂಬಲವಾಗಿತ್ತು. ವೇಲ್ಸ್ ಪ್ರಾಂತದ ಹಾರ್ಡನ್ ಗ್ರಾಮದಲ್ಲಿ ಅವರ ಮನೆ. ಅಲ್ಲಿಂದ ಕಾಲು ಮೈಲಿ ದೂರದಲ್ಲಿ ಕಬ್ಬಿಣದ ತಗಡಿನ ಕಟ್ಟಡವೊಂದನ್ನು ಎಬ್ಬಿಸಿದರು. 80ರ ಆಸುಪಾಸಿನ ಆ ವೃದ್ಧರು ಮಗಳು ಮತ್ತು ಸೇವಕನ ನೆರವಿನಿಂದ ಸುಮಾರು 32,000 ಪುಸ್ತಕಗಳನ್ನು ಅಲ್ಲಿಗೆ ಸಾಗಿಸಿದರು. ವಾಹನ ಯಾವುದು ಗೊತ್ತೆ? ಮಣ್ಣು, ಗೊಬ್ಬರ ಸಾಗಿಸುವ ಒಂದು ಚಕ್ರದ ಕೈಗಾಡಿ! 1898ರಲ್ಲಿ ಅವರು ತೀರಿಕೊಂಡ ಮೇಲೆ ಅಲ್ಲಿ ಕಲ್ಲಿನ ಕಟ್ಟಡವೆದ್ದಿತು. ಆ ಗ್ರಂಥಾಲಯ ಇಂದಿಗೂ ನಡೆಯುತ್ತಿದೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ನೆಲದಡಿಯ ಭಾಗವೊಂದಕ್ಕೆ 2011ರಲ್ಲಿ ಅವರ ಹೆಸರನ್ನೇ ಇಟ್ಟರು. ಹಳಿಗಳ ಮೇಲೆ ಸರಿಯುವ ಕಪಾಟುಗಳ ಬಗ್ಗೆ ಮೊದಮೊದಲು ಯೋಚಿಸಿದವರಲ್ಲಿ ಅವರೂ ಒಬ್ಬರು.

ಫಿಲಿಪ್ಸ್ ಮತ್ತು ಗ್ಲ್ಯಾಡ್‌ಸ್ಟನ್ ಇಬ್ಬರೂ ಪುಸ್ತಕಪ್ರಿಯರೇ. ಒಬ್ಬನ ಪುಸ್ತಕಗಳು ಹರಾಜಿಗೆ ಹೋದವು, ಇನ್ನೊಬ್ಬರವು ಓದುಗರ ಬಳಿಗೆ ಹೋದವು.

ಹಲಗೆ ಏಕೆ ಬಾಗುತ್ತದೆ?

ಈಗ ಮನೆಯ ಕಪಾಟಿನ ಕಡೆಗೆ ಬನ್ನಿ. ಕಾಗದ ಹಗುರವೆಂಬುದು ಎಲ್ಲರ ಭಾವನೆ. ಒಂದು ಹಾಳೆ ಹಗುರವೇ ಸರಿ. ಆದರೆ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ 500 ಹಾಳೆಗಳ ಎ-4 ಕಟ್ಟನ್ನು ಎತ್ತಿ ನೋಡಿ. ಅದರ ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ಉದ್ದ 29.7, ಅಗಲ 21, ದಪ್ಪ ಸುಮಾರು 5 ಸೆಂ.ಮೀ. ಗಾತ್ರ 3,100 ಘನ ಸೆಂ.ಮೀ.ಗೆ ತುಸು ಹೆಚ್ಚು. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಘನ ಸೆಂ.ಮೀ.ಗೆ 0.8 ಗ್ರಾಂ. ತೇಗದ ಮರದ ಸಾಂದ್ರತೆ ಸುಮಾರು 0.65. ಅಂದರೆ ಒತ್ತಾಗಿ ಜೋಡಿಸಿದ ಕಾಗದ ತೇಗಕ್ಕಿಂತ ಭಾರ!

ಪುಸ್ತಕಗಳ ನಡುವೆ ಸಣ್ಣಪುಟ್ಟ ಸಂದು ಇರುತ್ತದೆಂದು ಸಾಂದ್ರತೆಯನ್ನು 0.75 ಎಂದು ಹಿಡಿಯಿರಿ. ಕನ್ನಡ ಕಾದಂಬರಿಗಳು ಸಾಮಾನ್ಯವಾಗಿ ಬರುವ ಡೆಮ್ಮಿ ಆಕಾರದಲ್ಲಿ ಪುಸ್ತಕದ ಎತ್ತರ 21.5, ಅಗಲ 14 ಸೆಂ.ಮೀ. ಇಂಥವನ್ನು ಒಂದು ಮೀಟರ್ ಉದ್ದಕ್ಕೆ ಜೋಡಿಸಿದರೆ ತೂಕ 22ರಿಂದ 23 ಕಿಲೋಗ್ರಾಂ. ಏಳು ವರ್ಷದ ಹುಡುಗನೊಬ್ಬನ ತೂಕಕ್ಕೆ ಹೆಚ್ಚು ಕಡಿಮೆ ಸಮ. ಪ್ರತಿ ಹಲಗೆಯ ಮೇಲೂ ಒಬ್ಬೊಬ್ಬ ಹುಡುಗ ಹಗಲು ರಾತ್ರಿ ಇಳಿಯದೆ ಕುಳಿತಿದ್ದಾನೆಂದು ಭಾವಿಸಿ. ಹಲಗೆ ಬಾಗದೆ ಇನ್ನೇನಾದೀತು?

ಎಷ್ಟು ಬಾಗುತ್ತದೆ ಎಂಬುದಕ್ಕೆ ನಿಯಮವಿದೆ. ತೊಲೆಗಳ ಬಲದ ಬಗ್ಗೆ ಗೆಲಿಲಿಯೊ 1638ರಲ್ಲೇ ತನ್ನ ಗ್ರಂಥವೊಂದರಲ್ಲಿ ಚರ್ಚಿಸಿದ್ದ. ಅನಂತರ ಬಂದ ಗಣಿತಜ್ಞರು ಬಾಗುವಿಕೆಯ ಸೂತ್ರವನ್ನು ಪೂರ್ಣಗೊಳಿಸಿದರು. ಎರಡು ತುದಿಗಳಲ್ಲಿ ಆಧಾರವಿದ್ದು ಉದ್ದಕ್ಕೂ ಒಂದೇ ಸಮನಾಗಿ ಹೊರೆ ಹೊತ್ತ ಹಲಗೆಯ ಬಾಗುವಿಕೆ ಅದರ ಉದ್ದದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪದ ಮೂರನೆಯ ಘಾತಕ್ಕೆ ಅನುಗುಣವಾಗಿ ಕಡಿಮೆಯಾಗುತ್ತದೆ. ಉದ್ದವನ್ನು 60ರಿಂದ 90 ಸೆಂ.ಮೀ.ಗೆ, ಅಂದರೆ ಒಂದೂವರೆ ಪಟ್ಟು ಹೆಚ್ಚಿಸಿದರೆ ಬಾಗುವಿಕೆ ಒಂದೂವರೆ ಪಟ್ಟಲ್ಲ, ಐದು ಪಟ್ಟು! 18 ಮಿ.ಮೀ. ದಪ್ಪದ, 25 ಸೆಂ.ಮೀ. ಅಗಲದ ಸಾಧಾರಣ ಪಾರ್ಟಿಕಲ್ ಬೋರ್ಡ್ ಹಲಗೆ 60 ಸೆಂ.ಮೀ. ಇದ್ದಾಗ ನಡುವೆ ಒಂದು ಮಿ.ಮೀ.ಗಿಂತ ತುಸು ಹೆಚ್ಚು ತಗ್ಗಿದರೆ, 90 ಸೆಂ.ಮೀ. ಇದ್ದಾಗ ಆರು ಮಿ.ಮೀ.ಗೂ ಹೆಚ್ಚು ತಗ್ಗುತ್ತದೆ. ಅಲ್ಲಿಗೇ ಮುಗಿಯಲಿಲ್ಲ. ಸದಾ ಹೊರೆ ಹೊತ್ತ ಮರ ವರ್ಷ ವರ್ಷವೂ ಇನ್ನಷ್ಟು ಬಾಗುತ್ತ ಹೋಗುತ್ತದೆ. ಹೊರೆ ಇಳಿಸಿದರೂ ಪೂರ್ತಿ ನೆಟ್ಟಗಾಗುವುದಿಲ್ಲ.

ಆದ್ದರಿಂದ ಬಡಗಿಗೆ ಕಪಾಟು ಹೇಳುವಾಗ ನೆನಪಿಡಬೇಕಾದ ಮಾತು: ಹಲಗೆಯ ಉದ್ದ 60ರಿಂದ 75 ಸೆಂ.ಮೀ. ಮೀರದಿರಲಿ. ಮೀರಲೇಬೇಕಾದರೆ ನಡುವೆ ಒಂದು ಆಸರೆ ಕೊಡಿಸಿ. ಇಲ್ಲವೆ ಹಲಗೆಯ ಮುಂಭಾಗಕ್ಕೆ ಅಡ್ಡಪಟ್ಟಿಯನ್ನು ನಿಲುವಾಗಿ ಹೊಡೆಸಿ. ದಪ್ಪವನ್ನು ಇಮ್ಮಡಿ ಮಾಡಿದರೆ ಬಾಗುವಿಕೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದು ಸೂತ್ರದಿಂದಲೇ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಪಾಲಕರಿಗೆ. ವಿಶ್ವಕೋಶ, ನಿಘಂಟುಗಳಂಥ ಭಾರದ ಪುಸ್ತಕಗಳು ಕೆಳಗಿನ ಹಲಗೆಯಲ್ಲಿರಲಿ. ಆಗ ಕಪಾಟಿನ ಗುರುತ್ವ ಕೇಂದ್ರ ಕೆಳಗಿರುತ್ತದೆ, ಕಪಾಟು ಸುಲಭವಾಗಿ ಮಗುಚುವುದಿಲ್ಲ. ಮೇಲಿನ ಪುಸ್ತಕಕ್ಕಾಗಿ ಮಗು ಹಲಗೆಗಳನ್ನೇ ಏಣಿ ಮಾಡಿಕೊಂಡು ಹತ್ತಿದಾಗ ಅದರ ತೂಕ ಕಪಾಟಿನ ಮುಂಭಾಗಕ್ಕೆ ಬೀಳುತ್ತದೆ. ನೂರಾರು ಕಿಲೋಗ್ರಾಂ ಪುಸ್ತಕ ಮಗುವಿನ ಮೈಮೇಲೆ ಉರುಳಲು ಅಷ್ಟು ಸಾಕು. ಎದೆಮಟ್ಟಕ್ಕಿಂತ ಎತ್ತರದ ಯಾವುದೇ ಕಪಾಟನ್ನು ಗೋಡೆಗೆ ಕಬ್ಬಿಣದ ಪಟ್ಟಿ, ಸ್ಕ್ರೂ ಹಾಕಿ ಬಿಗಿಯುವುದು ಕಡ್ಡಾಯ. ಮಕ್ಕಳ ಪುಸ್ತಕಗಳು ಮಕ್ಕಳ ಕೈಗೆಟಕುವ ಎತ್ತರದಲ್ಲೇ ಇದ್ದರೆ ಅವರು ಹತ್ತುವ ಪ್ರಮೇಯವೇ ಬರುವುದಿಲ್ಲ.

ನೆಲ ಎಷ್ಟು ಹೊರಬಲ್ಲದು?

ಹಲಗೆ ಬಾಗುವುದು ಕಣ್ಣಿಗೆ ಕಾಣುತ್ತದೆ. ಮಹಡಿಯ ನೆಲದ ಕಷ್ಟ ಕಾಣುವುದಿಲ್ಲ. ಕಟ್ಟಡಗಳ ವಿನ್ಯಾಸಕ್ಕಾಗಿ ಇರುವ ಭಾರತೀಯ ಮಾನಕದ ಪ್ರಕಾರ ವಾಸದ ಮನೆಯ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಹೊರೆ ಹೊರುವಂತೆ ಇರಬೇಕು. ಗ್ರಂಥಾಲಯದಲ್ಲಿ ಪುಸ್ತಕ ಪೇರಿಸುವ ಕೋಣೆಗೆ ಇದೇ ಮಾನಕ ಸೂಚಿಸುವುದು ಕನಿಷ್ಠ 600 ಕಿಲೋಗ್ರಾಂ. ಅಂದರೆ ಮೂರು ಪಟ್ಟು. ಮನೆ ಕಟ್ಟಿದ ಎಂಜಿನಿಯರ್ ಜನ, ಮಂಚ, ಬೀರುಗಳನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆಯೇ ಹೊರತು ಗ್ರಂಥಾಲಯವನ್ನಲ್ಲ.

ಹಾಗೆಂದು ಹೆದರಬೇಕಿಲ್ಲ. 3 ಮೀಟರ್ ಉದ್ದದ ಒಂದು ಗೋಡೆಗೆ ಏಳು ಸಾಲು ಪುಸ್ತಕವಿಟ್ಟರೆ ತೂಕ ಸುಮಾರು 480 ಕಿಲೋಗ್ರಾಂ. 3 ಮೀಟರ್ ಚೌಕದ ಕೋಣೆಯ ಒಂಬತ್ತು ಚದರ ಮೀಟರಿಗೆ ಹಂಚಿದರೆ ಇದು ಚದರ ಮೀಟರಿಗೆ 55 ಕಿಲೋಗ್ರಾಂ ಸಹ ಆಗುವುದಿಲ್ಲ. ಗೋಡೆಯ ಬುಡದಲ್ಲಿ ಸ್ಲಾಬಿಗೆ ಆಸರೆ ಹತ್ತಿರವಿರುವುದೂ ಒಂದು ಅನುಕೂಲ. ಅಪಾಯವಿರುವುದು ಕೋಣೆಯ ನಡುವೆ ಪೇರಿಸಿದ ರಾಶಿಯಲ್ಲಿ. ಬರೀ ಮೊಣಕಾಲೆತ್ತರ, ಅಂದರೆ ಅರ್ಧ ಮೀಟರ್ ಎತ್ತರಕ್ಕೆ ಒತ್ತಾಗಿ ಪೇರಿಸಿದ ಪುಸ್ತಕಗಳ ಭಾರ ಚದರ ಮೀಟರಿಗೆ 375 ಕಿಲೋಗ್ರಾಂ. ಮನೆಯ ನೆಲಕ್ಕೆ ನಿಗದಿಯಾದ ಹೊರೆಯ ಹೆಚ್ಚು ಕಡಿಮೆ ಇಮ್ಮಡಿ. ಹಳೆಯ ಮನೆಗಳ ಮರದ ತೊಲೆಯ ಮಹಡಿಗಳಲ್ಲಂತೂ ಇಂಥ ರಾಶಿ ಬೇಡವೇ ಬೇಡ. ಗ್ರಂಥಾಲಯವೆನ್ನುವಷ್ಟು ಪುಸ್ತಕ ಇರುವವರು ನೆಲ ಅಂತಸ್ತಿನ ಕೋಣೆಯನ್ನು ಆರಿಸಿಕೊಳ್ಳುವುದು ಲೇಸು. ಸಂದೇಹವಿದ್ದರೆ ಎಂಜಿನಿಯರ್ ಒಬ್ಬರನ್ನು ಕೇಳಿ.

ಅಟ್ಟಕ್ಕೆ ಹೋದ ಪುಸ್ತಕ

ಜಾಗ ಸಾಲದಾದಾಗ ಬಹುಮಂದಿ ಮಾಡುವ ಕೆಲಸ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಏರಿಸುವುದು. ಪುಸ್ತಕದ ಮಟ್ಟಿಗೆ ಇದು ಶಿಕ್ಷೆಯೇ ಸರಿ.

ಕಾಗದದ ಜೀವಾಳ ಸೆಲ್ಯುಲೋಸ್. ಗ್ಲುಕೋಸ್ ಘಟಕಗಳು ಸರಪಣಿಯಂತೆ ಸೇರಿ ಆದ ಉದ್ದನೆಯ ಅಣು. 19ನೆಯ ಶತಮಾನದ ನಡುಭಾಗದಿಂದ ಮರದ ತಿರುಳಿನಿಂದ ಕಾಗದ ಮಾಡುವುದು ಹೆಚ್ಚಾಯಿತು. ಶಾಯಿ ಹರಡದಿರಲೆಂದು ಅಂಥ ಕಾಗದಕ್ಕೆ ರಾಳದ ಜೊತೆ ಅಲ್ಯೂಮಿನಿಯಂ ಸಲ್ಫೇಟ್ ಬೆರೆಸುತ್ತಿದ್ದರು. ಇದು ತೇವದೊಡನೆ ಸೇರಿ ಆಮ್ಲವಾಗುತ್ತದೆ. ಆಮ್ಲ ಸೆಲ್ಯುಲೋಸಿನ ಸರಪಣಿಯನ್ನು ಅಲ್ಲಲ್ಲಿ ಕತ್ತರಿಸುತ್ತ ಹೋಗುತ್ತದೆ. ಅಜ್ಜನ ಕಾಲದ ಪುಸ್ತಕದ ಹಾಳೆ ಮಡಿಸಿದೊಡನೆ ಹಪ್ಪಳದಂತೆ ಮುರಿಯುವುದು ಇದರಿಂದಲೇ. ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿಗೆ ಹಳದಿಯಾಗುತ್ತದೆ. ಬಿಸಿಲಿನಲ್ಲಿ ಮರೆತುಬಿಟ್ಟ ವೃತ್ತಪತ್ರಿಕೆ ಎರಡೇ ದಿನದಲ್ಲಿ ಬಣ್ಣ ಬದಲಿಸುವುದನ್ನು ಎಲ್ಲರೂ ನೋಡಿದ್ದಾರೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ತಗಡು ಅಥವಾ ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಹೇಗೆ ಕಾಯುತ್ತದೆಂದು ಹತ್ತಿದವರಿಗೆ ಗೊತ್ತು.

ಇನ್ನು ತೇವ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80ನ್ನು ಮೀರುವುದು ಸಾಮಾನ್ಯ. ಶೇ. 65-70 ದಾಟಿದರೆ ಬೂಷ್ಟು ಹಿಡಿಯುತ್ತದೆ. ಜೊತೆಗೆ ಬೆಳ್ಳಿಯ ಬಣ್ಣದ, ಪುಟ್ಟ ಮೀನಿನ ಆಕಾರದ, ರೆಕ್ಕೆಯಿಲ್ಲದ ಪುಸ್ತಕದ ಹುಳು ಬರುತ್ತದೆ. ರಟ್ಟಿಗೆ ಬಳಿದ ಪಿಷ್ಟದ ಅಂಟು ಅದಕ್ಕೆ ಪರಮಾನ್ನ. ಗೆದ್ದಲು ಸೆಲ್ಯುಲೋಸನ್ನೇ ತಿಂದು ಬದುಕುವ ಜೀವಿ. ಗೋಡೆಯೊಳಗಿಂದ ಬಂದು, ಪೆಟ್ಟಿಗೆಯ ಹೊರಗೆ ಏನೂ ಕಾಣದಂತೆ ಒಳಗಿನದನ್ನೆಲ್ಲ ಮುಗಿಸಿರುತ್ತದೆ. ದಿನವೂ ಯಾರಾದರೂ ಮುಟ್ಟುವ ಪುಸ್ತಕಕ್ಕೆ ಗೆದ್ದಲು ಹಿಡಿದದ್ದು ಅಪರೂಪ. ವರ್ಷಗಟ್ಟಲೆ ಯಾರೂ ತೆಗೆಯದ ಪೆಟ್ಟಿಗೆಯೇ ಅದಕ್ಕೆ ಅನುಕೂಲದ ಜಾಗ.

ಪರಿಹಾರಗಳು ದುಬಾರಿಯಲ್ಲ. ಕಪಾಟು ಮತ್ತು ಗೋಡೆಯ ನಡುವೆ ಎರಡು ಮೂರು ಸೆಂ.ಮೀ. ಅಂತರವಿದ್ದರೆ ಗಾಳಿಯಾಡುತ್ತದೆ. ಮಳೆ ಬಡಿಯುವ ಗೋಡೆಗೆ ಕಪಾಟು ಬೇಡ. ವರ್ಷಕ್ಕೆರಡು ಬಾರಿ ಎಲ್ಲವನ್ನೂ ಇಳಿಸಿ ಒಣಬಟ್ಟೆಯಿಂದ ಒರೆಸಿ. ಬೂಷ್ಟು ಹಿಡಿದದ್ದನ್ನು ಸುಡುಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಬಿಡಿಸಿಡಿ. ಮಕ್ಕಳು ಮಲಗುವ, ಓದುವ ಕೋಣೆಯಲ್ಲಿ ನುಸಿಗುಳಿಗೆ ಬೇಡ. ನ್ಯಾಫ್ತಲೀನ್ ಘನರೂಪದಿಂದ ನೇರವಾಗಿ ಅನಿಲವಾಗುತ್ತದೆಂದು ಪಾಠದಲ್ಲಿ ಓದಿದ್ದೀರಲ್ಲವೆ? ಆ ಅನಿಲವನ್ನು ಉಸಿರಾಡುವವರು ಹುಳುಗಳು ಮಾತ್ರವಲ್ಲ.

ಫೋನಿನೊಳಗಿನ ಗ್ರಂಥಾಲಯ

"ಇಷ್ಟೆಲ್ಲ ಯಾಕೆ? ಎಲ್ಲ ಫೋನಿನಲ್ಲೇ ಸಿಗುತ್ತಲ್ಲಪ್ಪಾ!" ಎಂದು ಮಗ ಕೇಳಬಹುದು. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. 1944ರಲ್ಲಿ ಅಮೆರಿಕದ ಗ್ರಂಥಪಾಲಕ ಫ್ರೀಮಾಂಟ್ ರೈಡರ್ ಒಂದು ಲೆಕ್ಕ ಹಾಕಿದ. ಅಲ್ಲಿನ ದೊಡ್ಡ ಗ್ರಂಥಾಲಯಗಳು ಸುಮಾರು 16 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದವು. ಹೀಗೇ ನಡೆದರೆ 2040ರ ಹೊತ್ತಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ 20 ಕೋಟಿ ಪುಸ್ತಕಗಳಿದ್ದು, ಅವುಗಳಿಗೆ 6,000 ಮೈಲಿ ಉದ್ದದ ಹಲಗೆ ಬೇಕಾಗುತ್ತದೆ ಎಂದ. ಪುಟಗಳನ್ನು ಛಾಯಾಚಿತ್ರದ ಮೂಲಕ ಪುಟ್ಟ ಕಾರ್ಡುಗಳಿಗೆ ಇಳಿಸುವುದು ಆತ ಸೂಚಿಸಿದ ದಾರಿ. ಇಂದು ಆ ಕೆಲಸವನ್ನು ಕಂಪ್ಯೂಟರ್ ಇನ್ನೂ ಚೆನ್ನಾಗಿ ಮಾಡುತ್ತಿದೆ.

300 ಪುಟಗಳ ಕನ್ನಡ ಕಾದಂಬರಿಯಲ್ಲಿ ಪುಟಕ್ಕೆ ಸುಮಾರು 1,500 ಸಂಕೇತಗಳೆಂದರೆ ಒಟ್ಟು ನಾಲ್ಕೂವರೆ ಲಕ್ಷ. ಕನ್ನಡದ ಪ್ರತಿ ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಅಲ್ಲಿಗೆ ಸುಮಾರು 1.35 ಮೆಗಾಬೈಟ್. 128 ಗಿಗಾಬೈಟಿನ ಫೋನಿನಲ್ಲಿ ಇಂಥ 90 ಸಾವಿರ ಕಾದಂಬರಿಗಳು ಹಿಡಿದಾವು! ಪುಟಗಳನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿದರೆ ಮಾತ್ರ ಇದರ ಹತ್ತಾರು ಪಟ್ಟು ಜಾಗ ಬೇಕು.

ಆದರೆ 1990ರ ದಶಕದ ಫ್ಲಾಪಿಯನ್ನು ನೆನೆಸಿಕೊಳ್ಳಿ. ಅದರ ಸಾಮರ್ಥ್ಯ 1.44 ಮೆಗಾಬೈಟ್, ಸರಿಯಾಗಿ ಒಂದು ಕಾದಂಬರಿಯಷ್ಟು. ಇಂದು ಅದನ್ನು ಓದುವ ಯಂತ್ರವನ್ನೇ ಹುಡುಕಿಕೊಂಡು ಹೋಗಬೇಕು. ಅದೇ ವರ್ಷ ಅಚ್ಚಾದ ಪುಸ್ತಕವನ್ನು ಓದಲು ಕಣ್ಣು, ಬೆಳಕು ಎರಡೇ ಸಾಕು. ಫೋನಿನೊಳಗಿನ ಪುಸ್ತಕ ಅಪ್ಪನಿಗೆ ಮಾತ್ರ ಕಾಣುತ್ತದೆ. ಕಪಾಟಿನ ಪುಸ್ತಕ ಅತ್ತಿತ್ತ ಓಡಾಡುವ ಮಗಳಿಗೂ ಕಾಣುತ್ತದೆ. ಆದ್ದರಿಂದ ಒಮ್ಮೆ ತಿರುವಿ ನೋಡುವ ಪುಸ್ತಕಗಳು, ಆಕರ ಗ್ರಂಥಗಳು ಫೋನಿನಲ್ಲಿರಲಿ. ಮತ್ತೆ ಮತ್ತೆ ಓದುವಂಥವು, ಮಕ್ಕಳ ಕಣ್ಣಿಗೆ ಬೀಳಬೇಕಾದಂಥವು ಕಾಗದದಲ್ಲಿರಲಿ.

ಮೊದಲ ಇಪ್ಪತ್ತು ಪುಸ್ತಕ

ಮನೆಯಲ್ಲಿ ಪುಸ್ತಕವಿರುವುದರಿಂದ ಮಕ್ಕಳಿಗೆ ಪ್ರಯೋಜನವಿದೆಯೆ? ಎಂ.ಡಿ.ಆರ್. ಇವಾನ್ಸ್ ಮತ್ತು ಸಂಗಡಿಗರು 27 ದೇಶಗಳ 70,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ತಂದೆತಾಯಿಯರ ಓದು, ಉದ್ಯೋಗಗಳ ವ್ಯತ್ಯಾಸವನ್ನು ಕಳೆದ ಮೇಲೂ, 500 ಪುಸ್ತಕಗಳಿರುವ ಮನೆಯಲ್ಲಿ ಬೆಳೆದವರು ಪುಸ್ತಕವೇ ಇಲ್ಲದ ಮನೆಯವರಿಗಿಂತ ಸರಾಸರಿ ಮೂರು ವರ್ಷದಷ್ಟು ಹೆಚ್ಚು ಕಾಲ ಶಿಕ್ಷಣ ಪಡೆದಿದ್ದರು. ಪುಸ್ತಕವೇ ಇದಕ್ಕೆ ಕಾರಣವೆಂದು ಇಷ್ಟರಿಂದಲೇ ಹೇಳಲಾಗದು. ಪುಸ್ತಕ ಕೊಳ್ಳುವ ಮನೆಯಲ್ಲಿ ಮಾತುಕತೆಯೂ ಬೇರೆಯೇ ಇರುತ್ತದೆ.

ಆದರೆ ಈ ಅಧ್ಯಯನದಲ್ಲಿ ಪುಸ್ತಕಪ್ರಿಯರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅತಿ ಹೆಚ್ಚು ಲಾಭ ಕಂಡದ್ದು ಮೊದಲ ಕೆಲವು ಪುಸ್ತಕಗಳಿಂದ. ಇಪ್ಪತ್ತು ಪುಸ್ತಕವಿದ್ದರೂ ವ್ಯತ್ಯಾಸ ಕಾಣುತ್ತಿತ್ತು. ಸಂಖ್ಯೆ ಏರಿದಂತೆ ಪ್ರತಿ ಹೊಸ ಪುಸ್ತಕದಿಂದ ಆಗುವ ಹೆಚ್ಚಳ ಇಳಿಯುತ್ತ ಹೋಯಿತು. ಸಾವಿರ ಪುಸ್ತಕವಿರುವ ಮನೆಗೆ ಇನ್ನೂ ಇಪ್ಪತ್ತು ಬಂದರೆ ಅಲ್ಲಿನ ಮಕ್ಕಳಿಗೆ ಅದು ತಿಳಿಯುವುದೂ ಇಲ್ಲ. ಅದೇ ಇಪ್ಪತ್ತು ಪುಸ್ತಕ, ಪಠ್ಯಪುಸ್ತಕ ಬಿಟ್ಟು ಬೇರೇನೂ ಇಲ್ಲದ ಮನೆಗೆ ಹೋದರೆ? ಜಾಗ ಸಾಲದೆಂಬ ಚಿಂತೆಗೆ ಉತ್ತರ ಇಲ್ಲಿದೆ. ಒಬ್ಬರ ಮನೆಯಲ್ಲಿ ಹಲಗೆ ಬಾಗಿಸುವ ಭಾರ ಇನ್ನೊಬ್ಬರ ಮನೆಯಲ್ಲಿ ಮೊದಲ ಕಪಾಟಾಗಬಹುದು.

ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಅಧ್ಯಾಪಕರಾಗಿದ್ದವರು. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳು ಇಂದಿಗೂ ಮಾನ್ಯ. ಪುಸ್ತಕವಿರುವುದು ಬಳಕೆಗೆ, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿರುತ್ತಾನೆ, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬ ಆಶಯ ಅವುಗಳಲ್ಲಿದೆ. ಜೀವಿಯೆಂದ ಮೇಲೆ ಆಹಾರ ಸೇವಿಸಿದರೆ ಸಾಲದು, ಬೇಡವಾದದ್ದನ್ನು ಹೊರಹಾಕಲೂ ಬೇಕು. ಇದಕ್ಕೆ ಗ್ರಂಥಪಾಲಕರು ರೈತರ ಮಾತನ್ನೇ ಬಳಸುತ್ತಾರೆ: ಕಳೆ ಕೀಳುವುದು.

ಕರ್ನಾಟಕದಲ್ಲಿಯೇ ಒಂದು ದೊಡ್ಡ ಉದಾಹರಣೆ ಇದೆ. ಮಂಡ್ಯ ಜಿಲ್ಲೆ ಪಾಂಡವಪುರದ ಬಳಿಯ ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರ್ ಆಗಿ, ಅನಂತರ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಗಳಿಸಿದ್ದನ್ನೆಲ್ಲ ಪುಸ್ತಕಕ್ಕೆ ಸುರಿದವರು. ಪುಸ್ತಕಗಳು ಲಕ್ಷಗಳ ಲೆಕ್ಕ ದಾಟಿದವು. ಕಪಾಟು ಸಾಲದೆ ನೆಲದ ಮೇಲೂ ಪೇರಿಸಬೇಕಾಯಿತು. ದಂಪತಿಗಳು ಆ ಪುಸ್ತಕಗಳ ನಡುವೆಯೇ ಒಂದು ಮೂಲೆಯಲ್ಲಿ ಸಂಸಾರ ಮಾಡಿದರು. ಆದರೆ ಅವರ 'ಪುಸ್ತಕ ಮನೆ'ಯ ಬಾಗಿಲು ಎಲ್ಲರಿಗೂ ತೆರೆದಿದೆ, ಶುಲ್ಕವಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಂದ ಸಂಶೋಧಕರವರೆಗೆ ಎಲ್ಲರೂ ಹೋಗುತ್ತಾರೆ. 2026ರಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಎಲ್ಲರಿಂದಲೂ ಇದು ಸಾಧ್ಯವಿಲ್ಲ, ಸಾಧ್ಯವಾಗಬೇಕೆಂದೂ ಇಲ್ಲ. ಬಾಗಿಲು ತೆರೆದಿಡುವುದು ಮಾತ್ರ ಎಲ್ಲರಿಗೂ ಸಾಧ್ಯ.

ಕೊಡುವುದರಲ್ಲೂ ವಿವೇಕ ಬೇಕು. ಪಠ್ಯಕ್ರಮ ಬದಲಾದ ಗೈಡುಗಳು, ಹುಳು ತಿಂದ ಪುಸ್ತಕಗಳನ್ನು ಶಾಲೆಗೆ ಸಾಗಿಸಿದರೆ ಅದು ದಾನವಲ್ಲ, ಕಸದ ವರ್ಗಾವಣೆ. ಅವು ರದ್ದಿಗೆ ಹೋಗಲಿ, ಮತ್ತೆ ಕಾಗದವಾಗಲಿ. ಈಗ ಎಲ್ಲೂ ಸಿಗದ ಹಳೆಯ ಕನ್ನಡ ಪುಸ್ತಕ, ಊರಿನ ಚರಿತ್ರೆ, ಸ್ಮರಣ ಸಂಚಿಕೆಗಳನ್ನು ರದ್ದಿಗೆ ಹಾಕುವ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಕೇಳಿ. ಉಳಿದವನ್ನು ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಶಾಲೆಗೆ, ನೆರೆಯ ಮಕ್ಕಳಿಗೆ ಕೊಡಬಹುದು. ಏನು ಬೇಕೆಂದು ಅವರನ್ನು ಮೊದಲು ವಿಚಾರಿಸಿ. ಶಾಲೆಗೆ ಕೊಡುವಾಗ ಒಂದು ಮಾತು ಮೇಷ್ಟ್ರಿಗೆ ಹೇಳಿ ಬನ್ನಿ: "ಹರಿದರೂ ಪರವಾಗಿಲ್ಲ, ಬೀಗ ಹಾಕಿಡಬೇಡಿ." ಲೆಕ್ಕ ತಪ್ಪೀತೆಂಬ ಭಯದಿಂದ ಬೀರುವಿನೊಳಗೇ ಹೊಸದಾಗಿ ಉಳಿದ ಪುಸ್ತಕಗಳು ಶಾಲೆಗಳಲ್ಲಿ ಕಡಿಮೆಯಿಲ್ಲ.

ಮಾಡಿ ನೋಡಿ

1. 30 ಸೆಂ.ಮೀ.ನ ಪ್ಲಾಸ್ಟಿಕ್ ಸ್ಕೇಲನ್ನು ಎರಡು ಪುಸ್ತಕ ರಾಶಿಗಳ ಮೇಲೆ, ನಡುವೆ 12 ಸೆಂ.ಮೀ. ಅಂತರವಿರುವಂತೆ ಇಡಿ. ನಡುಭಾಗದಲ್ಲಿ ಕೆಲವು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು ಎಷ್ಟು ತಗ್ಗಿತೆಂದು ಅಳೆಯಿರಿ. ಅಂತರವನ್ನು 24 ಸೆಂ.ಮೀ. ಮಾಡಿ ಅಷ್ಟೇ ನಾಣ್ಯ ಇಡಿ. ಹೊರೆ ನಡುವಿನ ಒಂದೇ ಬಿಂದುವಿನಲ್ಲಿ ಇದ್ದಾಗ ಬಾಗುವಿಕೆ ಉದ್ದದ ಮೂರನೆಯ ಘಾತಕ್ಕೆ ಅನುಗುಣ. ಎಂಟು ಪಟ್ಟು ಹತ್ತಿರ ಬಂದೀತು. ಈಗ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಬೀಳದಂತೆ ಹಿಡಿದು, ನಡುವೆ ಬೆರಳಿನಿಂದ ಒತ್ತಿ. ಅದೇ ಸ್ಕೇಲು ಬಾಗಲೊಲ್ಲದು. ಏಕೆಂದು ಯೋಚಿಸಿ.

2. ಮನೆಯ ಎಲ್ಲ ಪುಸ್ತಕಗಳನ್ನು ಇಂದು ತಲೆಕೆಳಗಾಗಿ ನಿಲ್ಲಿಸಿ. ಯಾರು ಯಾವುದನ್ನು ತೆಗೆದು ಓದಿದರೂ ಹಿಂದಿರುಗಿಸುವಾಗ ನೆಟ್ಟಗೆ ಇಡಲಿ. ಒಂದು ವರ್ಷದ ನಂತರವೂ ತಲೆಕೆಳಗಾಗಿಯೇ ಉಳಿದವನ್ನು ಹೊರತೆಗೆದು ಮನೆಮಂದಿಯೆಲ್ಲ ಕುಳಿತು ಮೂರು ಗುಂಪು ಮಾಡಿ: ಬೇರೆಲ್ಲೂ ಸಿಗದವು, ಮುಂದೆ ಖಂಡಿತ ಬೇಕಾಗುವವು, ಇನ್ನೊಬ್ಬರಿಗೆ ಹೋಗಬಹುದಾದವು. ಮೂರನೆಯ ಗುಂಪಿನ ಉದ್ದವನ್ನು ಟೇಪಿನಿಂದ ಅಳೆದು ಗೋಡೆಯಲ್ಲಿ ಎಷ್ಟು ವರ್ಷದ ಜಾಗ ಸಿಕ್ಕಿತೆಂದು ಲೆಕ್ಕ ಹಾಕಿ. ಆ ಗುಂಪಿನಿಂದ ಇಪ್ಪತ್ತನ್ನು ಆರಿಸಿ, ಪುಸ್ತಕವಿಲ್ಲದ ಒಂದು ಮನೆಯ ಮಕ್ಕಳ ಕೈಗೆ ಕೊಡಿ. ಕೊಡುವಾಗ ಅವರಿಗೆ ಯಾವ ವಿಷಯ ಇಷ್ಟವೆಂದು ಕೇಳಿಕೊಂಡು ಬನ್ನಿ. ಮುಂದಿನ ವರ್ಷ ಆರಿಸುವಾಗ ಉಪಯೋಗಕ್ಕೆ ಬರುತ್ತದೆ.